ಶ್ಯಾಡೋಯಿಂಗ್: ಎಷ್ಟು ಗಂಟೆ, ಏನು ಕಂಡಿರಿ?

ಅಮೆರಿಕದಲ್ಲಿ ಫಿಸಿಶಿಯನ್ ಅಸಿಸ್ಟೆಂಟ್, ಅಂದರೆ ಪಿಎ, ಕೋರ್ಸಿಗೆ ಅರ್ಜಿ ಹಾಕಲು ಹೊರಟವರನ್ನು ಕಾಡುವ ಪ್ರಶ್ನೆ ಒಂದಿದೆ: ಎಷ್ಟು ಗಂಟೆ ಶ್ಯಾಡೋಯಿಂಗ್ ಮಾಡಿದರೆ ಸಾಕು? ಕೆಲಸದಲ್ಲಿರುವ ಪಿಎ ಒಬ್ಬರ ಜೊತೆಗಿದ್ದು, ಅವರು ರೋಗಿಗಳನ್ನು ನೋಡುವ ರೀತಿಯನ್ನು ಸುಮ್ಮನೆ ಗಮನಿಸುವುದೇ ಶ್ಯಾಡೋಯಿಂಗ್. ಕೆಲವು ಕಾಲೇಜುಗಳು ಇಂತಿಷ್ಟು ಗಂಟೆ ಎಂದು ಕಡ್ಡಾಯ ಮಾಡಿವೆ. ಕೆಲವು ಇದ್ದರೆ ಒಳ್ಳೆಯದು ಎನ್ನುತ್ತವೆ. ಇನ್ನು ಕೆಲವು ಕೇಳುವುದೇ ಇಲ್ಲ. ಹತ್ತಾರು ಕಡೆ ಅರ್ಜಿ ಹಾಕುವವರು ಇವುಗಳಲ್ಲಿ ಅತಿ ದೊಡ್ಡ ಸಂಖ್ಯೆಯ ಬೆನ್ನು ಹತ್ತುತ್ತಾರೆ. ನೋಡಿ ಕಲಿಯಬೇಕಾದದ್ದು ಗಂಟೆ ತುಂಬಿಸುವ ಕೆಲಸವಾಗುವುದು ಹೀಗೆ.

ಈ ವೃತ್ತಿ ಹುಟ್ಟಿದಾಗ ಇಂಥ ಲೆಕ್ಕದ ಅಗತ್ಯವೇ ಇರಲಿಲ್ಲ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಮೊದಲ ಪಿಎ ತರಗತಿ ಆರಂಭಿಸಿದರು. ಸೇರಿದ ನಾಲ್ವರೂ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದು ಬಂದವರು. 1967ರಲ್ಲಿ ಮೂವರು ಕೋರ್ಸ್ ಮುಗಿಸಿ ಹೊರಬಂದರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕೆಲಸ ಮಾಡಿ ಪಳಗಿದವರಿಗೆ ಇನ್ನಷ್ಟು ವೈದ್ಯಕೀಯ ಕಲಿಸುವುದು ಸ್ಟೆಡ್ ಅವರ ಯೋಚನೆಯಾಗಿತ್ತು. ಇಂದು ಅರ್ಜಿ ಹಾಕುವವರಲ್ಲಿ ಬಹಳಷ್ಟು ಮಂದಿ ಪದವಿ ಮುಗಿಸಿದ ಎಳೆಯರು. ತುರ್ತು ಚಿಕಿತ್ಸೆಯ ಇಎಮ್‌ಟಿ ಆಗಿ ಆಂಬ್ಯುಲೆನ್ಸ್‌ನಲ್ಲೋ, ಮೆಡಿಕಲ್ ಅಸಿಸ್ಟೆಂಟ್ ಆಗಿ ಕ್ಲಿನಿಕ್ಕಿನಲ್ಲೋ, ನರ್ಸಿಂಗ್ ಹೋಮಿನಲ್ಲೋ ಸಂಬಳಕ್ಕೆ ದುಡಿದು ಅವರು ಅನುಭವ ಗಳಿಸಬೇಕು. ಕ್ಯಾಸ್ಪಾ ಎಂಬ ಕೇಂದ್ರೀಕೃತ ಅರ್ಜಿ ವ್ಯವಸ್ಥೆ ಆ ಅನುಭವವನ್ನು ಒಂದು ಖಾನೆಯಲ್ಲಿ, ಶ್ಯಾಡೋಯಿಂಗನ್ನು ಬೇರೆಯದೇ ಖಾನೆಯಲ್ಲಿ ಬರೆಸಿಕೊಳ್ಳುತ್ತದೆ. ಮೊದಲನೆಯದಕ್ಕೆ ಸಾವಿರ ಗಂಟೆ ಕೇಳುವ ಕಾಲೇಜುಗಳಿವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ, ತುಂಬಲೂಬಾರದು. ರೋಗಿಯನ್ನು ಮುಟ್ಟಿ ಆರೈಕೆ ಮಾಡಿದ ಕೈಗೆ ಬರುವ ಹದ ಮೂಲೆಯಲ್ಲಿ ನಿಂತು ನೋಡಿದವರಿಗೆ ಬರುವುದಿಲ್ಲ.

ಹಾಗಾದರೆ ನೋಡುವುದರಿಂದ ಪ್ರಯೋಜನವೇನು? ಪುಸ್ತಕವಾಗಲಿ, ಬೇರೆ ಕೆಲಸದ ಅನುಭವವಾಗಲಿ ತೋರಿಸದ ಒಂದನ್ನು ಅದು ತೋರಿಸುತ್ತದೆ: ಪಿಎ ತಾವೇ ನಿರ್ಧಾರ ತೆಗೆದುಕೊಳ್ಳುವುದು ಎಲ್ಲಿಯವರೆಗೆ, ವೈದ್ಯರನ್ನು ಕೇಳುವುದು ಯಾವಾಗ.

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನೇ ನೋಡಿ. ಸರ್ಜನ್ ಎದೆಯ ಕಡೆ ಕೆಲಸ ಆರಂಭಿಸಿರುವಾಗ, ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಪಿಎ ರೋಗಿಯ ಕಾಲಿನಲ್ಲಿ ಸಣ್ಣ ಸೀಳು ಮಾಡಿ, ಕ್ಯಾಮೆರಾ ಇರುವ ನಳಿಕೆ ತೂರಿಸಿ, ಪರದೆ ನೋಡುತ್ತಾ ರಕ್ತನಾಳವನ್ನು ಸುತ್ತಲಿನ ಅಂಗಾಂಶದಿಂದ ಬಿಡಿಸುತ್ತಿರುತ್ತಾರೆ. ಅದರ ಕವಲುಗಳನ್ನು ಒಂದೊಂದಾಗಿ ಮುಚ್ಚಬೇಕು, ನಾಳಕ್ಕೆ ಗಾಯವಾಗಬಾರದು. ಸರ್ಜನ್ ಹೃದಯಕ್ಕೆ ಜೋಡಿಸುವುದು ಇದೇ ನಾಳವನ್ನು. ಮರುದಿನ ಫ್ಯಾಮಿಲಿ ಮೆಡಿಸಿನ್ ಕ್ಲಿನಿಕ್ಕಿಗೆ ಹೋದರೆ ಚಿತ್ರವೇ ಬೇರೆ. ಅಲ್ಲಿಯ ಪಿಎ ಸಕ್ಕರೆ ಕಾಯಿಲೆಯವರ ಔಷಧಿ ಬದಲಿಸುತ್ತಾರೆ, ಮಗುವಿನ ಕಿವಿ ನೋಡುತ್ತಾರೆ, ಮಧ್ಯೆ ಮಧ್ಯೆ ಕಂಪ್ಯೂಟರಿನಲ್ಲಿ ಟಿಪ್ಪಣಿ ಬರೆಯುತ್ತಾರೆ, ಇನ್ಶೂರೆನ್ಸ್ ಕಂಪನಿಯ ಅನುಮತಿಗೆ ಕಾಯುತ್ತಾರೆ. ಎರಡೂ ಒಂದೇ ಪದವಿಯ, ಒಂದೇ ಲೈಸೆನ್ಸಿನ ಕೆಲಸ. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಲು ಪಿಎಗಳು ವೈದ್ಯರಂತೆ ಹೊಸದಾಗಿ ರೆಸಿಡೆನ್ಸಿ ತರಬೇತಿ ಮಾಡಬೇಕಿಲ್ಲ ಎಂಬ ಮಾತು ಆಗ ಬರಿಯ ಮಾಹಿತಿಯಾಗಿ ಉಳಿಯುವುದಿಲ್ಲ.

ಆದ್ದರಿಂದ ಒಂದೇ ಚರ್ಮರೋಗ ಕ್ಲಿನಿಕ್ಕಿನಲ್ಲಿ ಕಳೆದ 200 ಗಂಟೆಗಿಂತ ಮೂರು ಬೇರೆ ಬೇರೆ ಕಡೆ ಕಣ್ಣು ತೆರೆದು ಕಳೆದ 40 ಗಂಟೆ ಎಷ್ಟೋ ಮೇಲು. ಕ್ಯಾಸ್ಪಾದ ಪ್ರಬಂಧಕ್ಕೆ ಸಿಗುವುದು 5,000 ಅಕ್ಷರಗಳು, ಅದೂ ಪದಗಳ ನಡುವಿನ ಜಾಗ ಸೇರಿ. ಡಾಕ್ಟರೋ ನರ್ಸೋ ಆಗದೆ ಪಿಎ ಏಕೆ ಆಗಬೇಕು ಎಂಬುದನ್ನು ಅಷ್ಟರಲ್ಲಿ ಹೇಳಿ ಮುಗಿಸಬೇಕು. ಕಂಡದ್ದನ್ನು ಅಂದಂದೇ ಬರೆದಿಟ್ಟವರಿಗೆ ಅಲ್ಲಿ ಮಾತು ಸಿಗುತ್ತದೆ. ಗಂಟೆ ಮಾತ್ರ ಬರೆದಿಟ್ಟವರು ಜನಸೇವೆಯ ಆಸೆ ಎಂಬಲ್ಲಿಗೆ ನಿಂತುಬಿಡುತ್ತಾರೆ. ಡಾಕ್ಟರ ಹಿಂದೆ ಮಾತ್ರ ಓಡಾಡಿದವರಿಗೂ ಇದೇ ತೊಂದರೆ. ಅವರು ವೈದ್ಯಕೀಯ ಕಂಡಿರುತ್ತಾರೆ, ಪಿಎ ಕೆಲಸ ಕಂಡಿರುವುದಿಲ್ಲ.

ಈ ಪದ್ಧತಿಯ ದೊಡ್ಡ ದೋಷ ಇರುವುದು ಅವಕಾಶದಲ್ಲಿ. ಆಸ್ಪತ್ರೆಗಳು ಲಸಿಕೆಯ ದಾಖಲೆ, ಕ್ಷಯದ ಪರೀಕ್ಷೆ, ರೋಗಿಯ ಗೋಪ್ಯತೆ ಕಾಯುವ 1996ರ ಹಿಪಾ ಕಾನೂನಿನ ತರಬೇತಿ ಇವನ್ನೆಲ್ಲ ಕೇಳುತ್ತವೆ. ಕೇಳಬೇಕಾದದ್ದೇ. ರೋಗಿ ಬೇಡವೆಂದರೆ ವಿದ್ಯಾರ್ಥಿ ಕೋಣೆಯಿಂದ ಹೊರಗೆ ಬರಬೇಕು, ಅದೂ ಸರಿ. ಆದರೆ ಆ ಕಾಗದಪತ್ರಗಳವರೆಗೆ ತಲುಪಲು ಮೊದಲು ಒಬ್ಬ ಪಿಎ ಒಪ್ಪಬೇಕಲ್ಲ? ಮನೆಯಲ್ಲೋ ಬಳಗದಲ್ಲೋ ಆಸ್ಪತ್ರೆಯವರಿದ್ದರೆ ಒಂದು ಫೋನಿಗೆ ಆಗುವ ಕೆಲಸ ಅದು. ಯಾರೂ ಇಲ್ಲದವರು ಒಂದಾದ ಮೇಲೊಂದು ಕ್ಲಿನಿಕ್ಕಿಗೆ ಇಮೇಲ್ ಕಳಿಸಿ ಉತ್ತರಕ್ಕೆ ಕಾಯುತ್ತಾರೆ. ಸಂಬಳದ ಪಾಳಿ ಬಿಟ್ಟು ಬಿಟ್ಟಿ ನಿಲ್ಲಬೇಕಾದ ಬಡ ವಿದ್ಯಾರ್ಥಿಗೆ ಪ್ರತಿ ಗಂಟೆಯೂ ಖರ್ಚೇ. 2020ರಲ್ಲಿ ಕೋವಿಡ್ ಬಂದು ಆಸ್ಪತ್ರೆಗಳು ಹೊರಗಿನವರಿಗೆ ಬಾಗಿಲು ಹಾಕಿದಾಗ ಆನ್‌ಲೈನ್ ಶ್ಯಾಡೋಯಿಂಗ್ ಹೆಚ್ಚಿತು. ದೂರದವರಿಗೆ ಅದು ಆಸರೆಯಾಯಿತು, ಆದರೆ ಅದನ್ನು ಎಲ್ಲ ಕಾಲೇಜುಗಳೂ ಒಪ್ಪುವುದಿಲ್ಲ.

ಶ್ಯಾಡೋಯಿಂಗ್ ಬೇಕು, ಇಂತಿಷ್ಟು ಗಂಟೆ ಎಂಬ ನಿಯಮ ಬೇಡ. ಆ ನಿಯಮವನ್ನು ಕೈಬಿಟ್ಟು, ಸಂದರ್ಶನದಲ್ಲಿ ಏನು ಕಂಡಿರಿ ಎಂದು ಕೂರಿಸಿ ಕೇಳುವ ಕಾಲೇಜೇ ಸರಿಯಾದದ್ದನ್ನು ಅಳೆಯುತ್ತದೆ.

ಅಮೆರಿಕದ ಕನ್ನಡ ಮನೆಗಳಲ್ಲಿ ಡಾಕ್ಟರ ಪರಿಚಯ ಕಷ್ಟವಲ್ಲ, ಪಿಎ ಪರಿಚಯ ಅಷ್ಟು ಸುಲಭವಲ್ಲ. ಈಗಾಗಲೇ ಈ ವೃತ್ತಿಯಲ್ಲಿರುವ ಕನ್ನಡಿಗರು ತಮ್ಮೂರಿನ ಕನ್ನಡ ಕೂಟದಲ್ಲಿ ಒಮ್ಮೆ ಎದ್ದುನಿಂತು ತಾವು ಮಾಡುವ ಕೆಲಸವೇನು ಎಂದು ಹೇಳಲಿ. ವರ್ಷಕ್ಕೊಬ್ಬ ವಿದ್ಯಾರ್ಥಿಯನ್ನಾದರೂ, ಅದರಲ್ಲೂ ಆಸ್ಪತ್ರೆಯ ನಂಟು ಇಲ್ಲದ ಮನೆಯವರನ್ನು, ಎರಡು ದಿನ ಜೊತೆಗೆ ಕರೆದುಕೊಂಡು ಹೋಗಲಿ.