ನೆಲದ ಮೇಲೆ ಮೊದಲ ದೋಣಿ

ಮರದ ದೋಣಿ ಕಟ್ಟುವವರಲ್ಲಿ ಒಂದು ಹಳೆಯ ಪದ್ಧತಿಯಿದೆ. ಕಾಗದದ ಮೇಲೆ ಹತ್ತನೇ ಒಂದು ಪಾಲಿಗೆ ಇಳಿಸಿದ ನಕ್ಷೆಯನ್ನು, ಗರಗಸ ಕೈಗೆತ್ತಿಕೊಳ್ಳುವ ಮೊದಲು, ನೆಲದ ಮೇಲೆ ಪೂರ್ಣ ಅಳತೆಯಲ್ಲಿ ಮತ್ತೆ ಬರೆಯುತ್ತಾರೆ. ದೋಣಿ 14 ಅಡಿಯದಾದರೆ ಗೆರೆಯೂ 14 ಅಡಿ. ದೊಡ್ಡ ಹಡಗುಕಟ್ಟೆಗೆ ಇದು ಸರಿ, ಸಣ್ಣ ಬಡಗಿ ಅಂಗಡಿಗೆ ದಂಡದ ಕೆಲಸ ಎನ್ನುವವರಿದ್ದಾರೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡರೆ ಮುಗಿಯಿತಲ್ಲ ಎಂಬುದು ಅವರ ವಾದ. ಈ ವಾದದ ಬಲಾಬಲ ನೋಡಲು ಕರಾವಳಿಗೇ ಹೋಗಬೇಕಿಲ್ಲ, ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಂಡೆ ಸಾಕು.

ಈ ನದಿಯ ದೋಣಿ ಹರಿಗೋಲು. ಅದಕ್ಕೆ ನಕ್ಷೆಯೇ ಇಲ್ಲ. ಸೀಳಿದ ಬಿದಿರನ್ನು ನೆಲದ ಮೇಲೆ ಅಡ್ಡಡ್ಡ ಹಾಸಿ, ನಡುವೆ ಭಾರವಿಟ್ಟು, ಅಂಚನ್ನು ಮೇಲಕ್ಕೆ ಬಾಗಿಸಿ ಹೆಣೆಯುತ್ತ ಹೋಗುತ್ತಾರೆ. ಗೇಣು, ಮೊಳಗಳೇ ಅಳತೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ನದಿಯಲ್ಲಿ ಬುಟ್ಟಿಯಂಥ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುವ ತಾಕತ್ತು. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹೆಣಿಗೆಯ ಕ್ರಮ ಮಾತ್ರ ಬದಲಾಗಿಲ್ಲ. ಬಿದಿರು ತನ್ನ ಬಾಗನ್ನು ತಾನೇ ಕಂಡುಕೊಳ್ಳುತ್ತದೆ. ಒಂದು ಸೀಳು ಬಿಗಿಯಾದರೆ ಪಕ್ಕದ್ದು ಸರಿದು ಜಾಗ ಕೊಡುತ್ತದೆ. ಹೀಗೆ ತಪ್ಪನ್ನು ಕೆಲಸದ ನಡುವೆಯೇ ತಿದ್ದಿಕೊಳ್ಳುವ ವಸ್ತುವಿಗೆ ಮೊದಲೇ ಬರೆದ ಗೆರೆ ಬೇಡ.

ಅದೇ ದಂಡೆಯ ಚೌಡದಾನಪುರದಲ್ಲಿ ಮುಕ್ತೇಶ್ವರ ದೇವಾಲಯವಿದೆ. ಕಲ್ಲು ಬಾಗುವುದಿಲ್ಲ, ಸರಿದು ಜಾಗ ಕೊಡುವುದೂ ಇಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ಉಂಗುರದೊಳಗೆ ಉಂಗುರವಾಗಿ ಮೇಲೇರುವ ಗುಮ್ಮಟದಂಥ ಛತ್ತನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ನೆಲದ ಮೇಲೆ ಕಡೆದ ಕಲ್ಲು ಮೇಲೇರಿದ ಮೇಲೆ ಹೊಂದಲೇಬೇಕು. ಶಿಲ್ಪಿಗಳು ಇಂಥ ಕೆಲಸಕ್ಕೆ ಹೇಗೆ ತಯಾರಾಗುತ್ತಿದ್ದರು ಎಂಬುದಕ್ಕೆ ಮಧ್ಯಪ್ರದೇಶದ ಭೋಜಪುರದಲ್ಲಿ ಸಾಕ್ಷ್ಯ ಉಳಿದಿದೆ. 11ನೇ ಶತಮಾನದ ಆ ಅಪೂರ್ಣ ದೇವಾಲಯದ ಸುತ್ತಲಿನ ಬಂಡೆಗಳ ಮೇಲೆ ಕಟ್ಟಡದ ಭಾಗಗಳ ರೇಖಾಚಿತ್ರಗಳನ್ನು ಕೊರೆದಿದ್ದಾರೆ.

ಹಲಗೆಯ ದೋಣಿ ಈ ಎರಡರ ನಡುವಿನದು. ಹಲಗೆ ಬಾಗುತ್ತದೆ, ಆದರೆ ಅದಕ್ಕೆ ಆಸರೆಯಾಗುವ ಅಡ್ಡ ಚೌಕಟ್ಟುಗಳನ್ನು ಮೊದಲೇ ಕತ್ತರಿಸಿರಬೇಕು. ಹತ್ತನೇ ಒಂದು ಪಾಲಿನ ನಕ್ಷೆಯಲ್ಲಿ ಪೆನ್ಸಿಲ್ ಗೆರೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಮರದಲ್ಲಿ ಅದು 5 ಮಿಲಿಮೀಟರ್. ಗೆರೆಯ ಈ ಅಂಚು ಹಿಡಿಯಬೇಕೋ ಆ ಅಂಚು ಹಿಡಿಯಬೇಕೋ ಎಂಬ ಅನುಮಾನದಲ್ಲೇ ಒಂದು ಚೌಕಟ್ಟು ಉಬ್ಬಿ, ಪಕ್ಕದ್ದು ತಗ್ಗಿ, ಹಲಗೆ ಕೂರದೆ ಹೋಗುತ್ತದೆ. ಪೂರ್ಣ ಅಳತೆಯ ಬರವಣಿಗೆ ಹಿಡಿದುಕೊಡುವುದು ಇದನ್ನೇ. ನಕ್ಷೆಯ ಅಂಕಿಗಳನ್ನು ನೆಲದ ಮೇಲೆ ಗುರುತಿಸಿ, ಗುರುತಿಗೊಂದು ಮೊಳೆ ಹೊಡೆದು, ಗಂಟಿಲ್ಲದ ತೆಳು ಮರದ ಪಟ್ಟಿಯನ್ನು ಅವುಗಳ ಪಕ್ಕ ಬಾಗಿಸಿ ನಿಲ್ಲಿಸುತ್ತಾರೆ. ಯಾವುದೋ ಗುರುತಿನ ಬಳಿ ಪಟ್ಟಿ ಮುನಿಸಿಕೊಂಡರೆ ಆ ಅಂಕಿ ತಪ್ಪು. ಮೊಳೆ ಕಿತ್ತರೆ ಪಟ್ಟಿ ತಾನೇ ಸರಿಯಾದ ಬಾಗಿಗೆ ಬಂದು ನಿಲ್ಲುತ್ತದೆ. ಹರಿಗೋಲಿನಲ್ಲಿ ಬಿದಿರು ಮಾಡುವ ಕೆಲಸವನ್ನು ಇಲ್ಲಿ ಪಟ್ಟಿ ಮಾಡುತ್ತಿದೆ, ಮರ ಹಾಳಾಗುವ ಮೊದಲೇ ಮಾಡುತ್ತಿದೆ. ಪದ್ಧತಿಯ ನಿಜವಾದ ಬೆಲೆ ಇಲ್ಲಿದೆ. ನಕ್ಷೆಯನ್ನು ಹಿಗ್ಗಿಸಿದ್ದಷ್ಟೇ ಆಗಿದ್ದರೆ ಇಷ್ಟು ಮೈಮುರಿಯುವ ಅಗತ್ಯವಿರಲಿಲ್ಲ.

ಇನ್ನು ಜಾಗದ ತಕರಾರು. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಷ್ಟು ನೆಲ ಎಲ್ಲ ಬಡಗಿಗಳಿಗೂ ಇರುವುದಿಲ್ಲ, ನಿಜ. ಆದರೆ ದೋಣಿಯ ಎಡ, ಬಲ ಎರಡೂ ಒಂದೇ ಆದ್ದರಿಂದ ಅರ್ಧ ಬರೆದರೆ ಸಾಕು. 14 ಅಡಿ ಉದ್ದ, 5 ಅಡಿ ಅಗಲದ ದೋಣಿಯ ಅರ್ಧ ಅಗಲ ಎರಡೂವರೆ ಅಡಿ. 8 ಅಡಿಗೆ 4 ಅಡಿಯ ಎರಡು ಪ್ಲೈವುಡ್ ಹಾಳೆಗಳನ್ನು ಉದ್ದಕ್ಕೆ ಜೋಡಿಸಿ ಬಿಳಿ ಬಣ್ಣ ಬಳಿದರೆ ಮೇಲಿನ ನೋಟ, ಪಕ್ಕದ ನೋಟ, ಅಡ್ಡಕೊಯ್ತ ಮೂರನ್ನೂ ಬೇರೆ ಬೇರೆ ಬಣ್ಣದ ಪೆನ್ಸಿಲ್ಲಿನಲ್ಲಿ ಒಂದರ ಮೇಲೊಂದು ಬರೆಯಬಹುದು. ಅಷ್ಟೂ ಜಾಗವಿಲ್ಲದಿದ್ದರೆ ಉದ್ದವನ್ನು ಮಾತ್ರ ಕಾಲು ಪಾಲಿಗೆ ಇಳಿಸಿ, ಅಗಲ, ಎತ್ತರಗಳನ್ನು ಪೂರ್ಣ ಅಳತೆಯಲ್ಲೇ ಉಳಿಸುವ ಉಪಾಯವಿದೆ. ಇದರಿಂದ ಇನ್ನೊಂದು ಲಾಭ: ಗೆರೆಯ ಉಬ್ಬು ತಗ್ಗುಗಳು ಇನ್ನೂ ಎದ್ದು ಕಾಣುತ್ತವೆ. ದೊಡ್ಡ ಕಷ್ಟ ಬೆನ್ನು, ಮಂಡಿಗಳದು. ದಿನಗಟ್ಟಲೆ ಬಗ್ಗಿ ಕೂರುವ ಈ ಕೆಲಸಕ್ಕೆ ಗಿರಾಕಿ ಪ್ರತ್ಯೇಕವಾಗಿ ದುಡ್ಡು ಕೊಡುವುದಿಲ್ಲ.

ಹಾಗಾಗಿ ಮುದ್ರಣದ ಆಸೆ ಸಹಜ. ಕಂಪ್ಯೂಟರ್ ಗೆರೆಯ ನಯವನ್ನು ಚೆನ್ನಾಗಿಯೇ ಪರೀಕ್ಷಿಸುತ್ತದೆ, ಅದನ್ನು ಅಲ್ಲಗಳೆಯುವುದು ಹಟವಾದೀತು. ತೊಂದರೆ ಇರುವುದು ಬಟ್ಟೆಯಲ್ಲಿ. ಫ್ಲೆಕ್ಸ್ ಬಿಸಿಗೆ, ಎಳೆತಕ್ಕೆ ಹಿಗ್ಗುತ್ತದೆ. ನೂರಕ್ಕೆ ಅರ್ಧ ಪಾಲು ಹಿಗ್ಗಿದರೂ 14 ಅಡಿಯಲ್ಲಿ ಸುಮಾರು 21 ಮಿಲಿಮೀಟರ್ ಹೆಚ್ಚಾಯಿತು. ಉದ್ದ, ಅಗಲ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆಂಬ ಭರವಸೆಯೂ ಇಲ್ಲ. ಮುದ್ರಿಸುವುದೇ ಆದರೆ ಎರಡೂ ದಿಕ್ಕಿಗೆ ಒಂದೊಂದು ಗೊತ್ತಾದ ಉದ್ದದ ಗೆರೆ ಹಾಕಿಸಿ, ಟೇಪು ಹಿಡಿದು ನೋಡಿಯೇ ಮುಂದುವರಿಯಬೇಕು.

ನಕ್ಷೆಯೇ ಉಳಿಯದಿದ್ದಾಗ ಏನು ಮಾಡಬಹುದೆಂಬುದಕ್ಕೆ ನೌಕಾಪಡೆಯ ‘ಕೌಂಡಿನ್ಯ’ ಹತ್ತಿರದ ಉದಾಹರಣೆ. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಗೋವಾದಲ್ಲಿ ಕಟ್ಟಿದ ಈ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಹೊಲಿಗೆಯ ಹಡಗಿನಲ್ಲಿ ಹಲಗೆಯ ಮೈ ಮೊದಲು, ಪಕ್ಕೆಮರ ಆಮೇಲೆ. ಈ ಲೆಕ್ಕದಲ್ಲಿ ಅದು ಹರಿಗೋಲಿನ ಸಮೀಪದ ಬಂಧು. ಕೇರಳದ ಬಾಬು ಶಂಕರನ್ ನೇತೃತ್ವದ ಕುಶಲಕರ್ಮಿಗಳ ಕೈ ಪಳಗಿತ್ತು. ಆದರೂ ಅಷ್ಟಕ್ಕೇ ನಂಬಿ ಸಮುದ್ರಕ್ಕಿಳಿಸಲಿಲ್ಲ, ಐಐಟಿ ಮದ್ರಾಸಿನಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲಾಯಿತು. ಪಳಗಿದ ಕೈಗೂ ಮೊದಲೇ ತಪ್ಪಿ ನೋಡುವ ಒಂದು ಜಾಗ ಬೇಕು.

ಹರಿಗೋಲಿಗೆ ನಕ್ಷೆ ಬೇಡ. ಚಪ್ಪಟೆ ತಳದ ಪ್ಲೈವುಡ್ ದೋಣಿಗೆ ಪರೀಕ್ಷಿಸಿದ ಮುದ್ರಣ ಸಾಕು. ಆದರೆ ದುಂಡು ಹೊಟ್ಟೆಯ ಹಲಗೆ ದೋಣಿಯನ್ನು, ಅದೂ ಪಳಗದ ಕೈ ಕಟ್ಟುವಾಗ, ನೆಲದ ಮೇಲೆ ಬರೆಯದೆ ಕತ್ತರಿಸುವುದು ಉಳಿತಾಯವಲ್ಲ. ಒಂದೇ ದೋಣಿ ಕಟ್ಟಿ ನಿಲ್ಲಿಸುವವರಿಗೆ ಈ ಪದ್ಧತಿ ದುಬಾರಿ ಎನಿಸೀತು. ಬರೆದ ಗೆರೆಯಿಂದ ತೆಗೆದ ಪಡಿಯಚ್ಚುಗಳನ್ನು ಗೋಡೆಗೆ ನೇತುಹಾಕಿಟ್ಟುಕೊಂಡವರಿಗೆ ಎರಡನೆಯ ದೋಣಿಯಲ್ಲೇ ಆ ಖರ್ಚು ಹುಟ್ಟುತ್ತದೆ.