ಬದುವಿನ ನೊರೆಯೂ ಮಕ್ಕಳ ಪುಸ್ತಕವೂ

ಕಳೆದ ಆಷಾಢದಲ್ಲಿ ಹುಣಸೂರಿನ ನಂಟರ ಮನೆಯಲ್ಲಿ ನಾಲ್ಕು ದಿನ ಇದ್ದೆ. ಸೋನೆ ಬಿಟ್ಟ ಒಂದು ಬೆಳಗ್ಗೆ, ಐದನೆಯ ತರಗತಿಯ ಮೊಮ್ಮಗಳೊಡನೆ ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ಹೋಗುತ್ತಿದ್ದಾಗ ಹುಲ್ಲಿನ ಗೆಣ್ಣಿನಲ್ಲಿ ಬಿಳಿಯ ನೊರೆಯ ಮುದ್ದೆ ಕಂಡಿತು. "ಮುಟ್ಟಬೇಡಿ ತಾತ, ಯಾರೋ ಉಗುಳಿದ್ದಾರೆ" ಎಂದಳು. ಕಡ್ಡಿಯಿಂದ ನೊರೆ ಸರಿಸಿದೆ. ಒಳಗೆ ತಲೆ ಕೆಳಗಾಗಿ ಕುಳಿತ ಮೆತ್ತನೆಯ ಮರಿಹುಳು. ಅವಳು ಕೇಳಿದ್ದು ಒಂದೇ: "ಇದು ಉಪಕಾರಿಯೋ, ಅಪಕಾರಿಯೋ? ಪುಸ್ತಕದಲ್ಲಿ ಎರಡೇ ಪಟ್ಟಿ ಇವೆ."

ಹೊಗೆಸೊಪ್ಪು ಬ್ಯಾರನ್ನಿಗೆ ಹೋಗುವ ದಿನವನ್ನು ಬಲ್ಲ ಹುಡುಗಿಗೆ ಬದುವಿನ ಹುಳು ಅಪರಿಚಿತವಾಗಿ ಉಳಿದಿದೆ. ತಪ್ಪು ಅವಳದಲ್ಲ, ಪಟ್ಟಿಯದು.

ಕನ್ನಡದಲ್ಲಿ ಪ್ರಕೃತಿ ಪಾಠಕ್ಕೆ ಬಡತನವಿಲ್ಲ. ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಕೊಟ್ಟರು. ಒಬ್ಬರೇ ಹೊತ್ತ ಆ ಹೊರೆಗೆ ನಾವೆಲ್ಲ ಋಣಿಗಳು. ಆದರೆ ವಿಶ್ವಕೋಶದ ಸ್ವಭಾವವೇ ಪ್ರಶ್ನೆ ಹುಟ್ಟುವ ಮೊದಲು ಉತ್ತರ ಕೊಡುವುದು. ಮಗು ಜಗಲಿಯಿಂದ ಇಳಿಯಬೇಕಾಗುವುದಿಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದುಗನನ್ನು ನಗಿಸುತ್ತ ಕಾಡಿಗೆ ಕರೆದೊಯ್ಯುತ್ತದೆ. ಅದು ದೊಡ್ಡವರ ಪುಸ್ತಕ. ತೇಜಸ್ವಿಯವರ 'ಪರಿಸರದ ಕತೆ' ಮಾತ್ರ ಕಂಡದ್ದರಿಂದ, ಕೌತುಕದಿಂದ ಹೊರಡುತ್ತದೆ. ಮಕ್ಕಳ ಪುಸ್ತಕಕ್ಕೆ ಬೇಕಾದ ದಾರಿ ಅದೇ ಎಂದು ನನ್ನ ಎಣಿಕೆ.

ಈ ನೊರೆಹುಳುವನ್ನೇ ನೋಡಿ. ಬೇರಿನಿಂದ ಮೇಲೇರುವ ನೀರಿನಂಥ ರಸವೇ ಅದರ ಆಹಾರ. ಅದರಲ್ಲಿ ಸತ್ವ ಬಹಳ ಕಡಿಮೆ. ಹೊಟ್ಟೆ ತುಂಬಬೇಕಾದರೆ ತನ್ನ ತೂಕದ ನೂರು ಮಡಿಗೂ ಮಿಕ್ಕಿ ದಿನಕ್ಕೆ ಕುಡಿಯಬೇಕು. ಹೊರಬಿಡುವ ನೀರಿಗೆ ಗಾಳಿ ಬೆರೆಸಿ ನೊರೆಯಾಗಿಸುತ್ತದೆ. ಬಿಸಿಲು, ಒಣಹವೆ, ಶತ್ರುಗಳಿಂದ ಅದೇ ಕಾಪು. ಬೆಳೆದ ಮೇಲೆ ನೊರೆ ಬಿಟ್ಟು ಜಿಗಿಯುತ್ತದೆ. ಆರು ಮಿಲಿಮೀಟರ್ ಉದ್ದದ ಯೂರೋಪಿನ ಜಾತಿಯೊಂದು ಎಪ್ಪತ್ತು ಸೆಂಟಿಮೀಟರ್ ಎತ್ತರ ಹಾರುತ್ತದೆಂದು ಕೇಂಬ್ರಿಜ್‌ನ ಮಾಲ್ಕಂ ಬರೋಸ್ 2003ರಲ್ಲಿ ತೋರಿಸಿದರು. ಅದೇ ಜಾತಿ ಹುಲ್ಲುಗಾವಲಲ್ಲಿ ಹೆಚ್ಚೇನೂ ಕೆಡಿಸದು. ಇಟಲಿಯ ಪುಗ್ಲಿಯದಲ್ಲಿ ಮಾತ್ರ, 2013ರಲ್ಲಿ ಪತ್ತೆಯಾದ ರೋಗಾಣುವನ್ನು ಹೊತ್ತು ಆಲಿವ್ ತೋಪುಗಳನ್ನು ಒಣಗಿಸಿತು. ಈಗ ಹೇಳಿ, ಯಾವ ಪಟ್ಟಿಗೆ ಸೇರಿಸೋಣ?

ಪಿರಿಯಾಪಟ್ಟಣದ ಹೊಲ, ಕೃಷ್ಣರಾಜನಗರದ ಗದ್ದೆಯ ಬದು, ಹೆಗ್ಗಡದೇವನಕೋಟೆಯ ಕಾಡಂಚು—ಇವುಗಳಲ್ಲಿ ಮಳೆಗಾಲದಲ್ಲಿ ಏನೇನು ನೋಡಬಹುದು, ಹೇಗೆ ನೋಡಬೇಕು ಎಂದು ಹೇಳುವ ತೆಳ್ಳನೆಯ ಪುಸ್ತಕ ಸಾಕು. ಹೆಸರುಗಳು ಆಮೇಲೆ ಬರಲಿ.

ನಾನು ಹೊರಡುವ ದಿನ ಮೊಮ್ಮಗಳು ನೋಟುಪುಸ್ತಕ ತೋರಿಸಿದಳು. ಎರಡು ಪಟ್ಟಿಗಳ ಪಕ್ಕದಲ್ಲಿ ಗೆರೆ ಎಳೆದು ಮೂರನೆಯದನ್ನು ಬರೆದಿದ್ದಳು: "ಇನ್ನೂ ನೋಡಬೇಕಾದವು." ಅದರಲ್ಲಿ ಸದ್ಯಕ್ಕೆ ಒಂದೇ ಹುಳು.