ಸೊಟ್ಟ ಚಂದ್ರ
ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಕೊರಿಯಾದ ಬಿಳಿ ಪಿಂಗಾಣಿ ‘ಚಂದ್ರ ಜಾಡಿ’ ಪೂರ್ತಿ ದುಂಡಗಿಲ್ಲ. ಅಲ್ಲಿನ ಜೋಸಾನ್ ಅರಸರ ಕಾಲದ ಕುಂಬಾರರು ತಿಗರಿಯ ಮೇಲೆ ಎರಡು ದೊಡ್ಡ ಬೋಗುಣಿಗಳನ್ನು ಬೇರೆಬೇರೆಯಾಗಿ ಎತ್ತಿ, ಬಾಯಿಗೆ ಬಾಯಿ ಕೂಡಿಸುತ್ತಿದ್ದರು. ಆವಿಗೆಯ ಬೆಂಕಿಯಲ್ಲಿ ಆ ಕೂಡು ತುಸು ಕುಸಿದು ಹೊಟ್ಟೆ ವಾಲುತ್ತಿತ್ತು. ಇಂಥ ಬಳಕೆಯ ಪಾತ್ರೆಯನ್ನು ಮ್ಯೂಸಿಯಂನ ಗಾಜಿನೊಳಗಿಟ್ಟರೆ ಜೀವ ಹೋಗುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ: ಎತ್ತಿ ನೋಡದೆ ಜಾಡಿಯ ತೂಕ ತಿಳಿಯದು. ಆದರೆ ಉಗ್ರಾಣದ ಮೂಲೆಯಲ್ಲಿದ್ದ ಜಾಡಿಗೆ ಯಾರು ಪ್ರದಕ್ಷಿಣೆ ಹಾಕಿಯಾರು? ಈ ಕಡೆಯಿಂದ ಗುಂಡು, ಆ ಕಡೆಯಿಂದ ಸೊಟ್ಟ ಎಂಬ ಅದರ ಸೊಗಸು ಸುತ್ತು ಬಂದವರಿಗಷ್ಟೇ ಸಿಗುವಂಥದ್ದು. ಹಾಗೆ ಸುತ್ತು ಬರುವ ಬಿಡುವನ್ನು ಕೊಡುವುದು ಪ್ರದರ್ಶನವೇ.